ಮಗ ಬಳಿದ ಗೋಡೆ

ಸುದ್ದಿ ಬಂದಾಗ ಸುಣ್ಣದ ಮೇಸ್ತ್ರಿ ಹಿತ್ತಲಿನಲ್ಲಿ ಕುಳಿತು ಸುಣ್ಣ ಸೋಸುತ್ತಿದ್ದ. ಹಿಂದಿನ ದಿನ ನೀರಿಗೆ ಹಾಕಿದ್ದ ಸುಣ್ಣದ ಕಲ್ಲು ಕುದಿದು, ಆರಿ, ಗಟ್ಟಿ ಹಾಲಿನಂತಾಗಿತ್ತು. ಅದನ್ನು ಹಳೆಯ ಬಟ್ಟೆಯ ಮೇಲೆ ಚೆಂಬಿನಿಂದ ಸುರಿಯುವುದು, ಉಳಿದ ಹರಳನ್ನು ಕೊಡವಿ ಎಸೆಯುವುದು, ಮತ್ತೆ ಸುರಿಯುವುದು. ಐವತ್ತು ವರ್ಷ ಮಾಡಿದ ಕೆಲಸ. ಕಣ್ಣು ಮುಚ್ಚಿಕೊಂಡರೂ ಕೈ ತಪ್ಪುತ್ತಿರಲಿಲ್ಲ.

ಬೀದಿಯಲ್ಲಿ ಬೀಗ ರಿಪೇರಿ ಮಾಡುವವನು ಹಿಂಬಾಗಿಲಿನಿಂದ ಬಂದು ನಿಂತ. ಅವನು ಯಾವತ್ತೂ ಹಿಂಬಾಗಿಲಿನಿಂದ ಬಂದವನಲ್ಲ.

“ಮೇಸ್ತ್ರಿ, ಸ್ವಲ್ಪ ಏಳಿ.”

“ಕೈಯೆಲ್ಲ ಸುಣ್ಣ ಕಣಯ್ಯಾ. ಅಲ್ಲಿಂದಲೇ ಹೇಳು.”

“ನಿಮ್ಮ ಮಗ ಮೂಲೆ ಗೋಡೆ ಹತ್ರ ಬಿದ್ದುಬಿಟ್ಟ. ಆಸ್ಪತ್ರೆಗೆ ಎತ್ಕೊಂಡು ಹೋದ್ವಿ. ಆಗಲಿಲ್ಲ.”

“ಏನಾಗಲಿಲ್ಲ?”

“ಹೋಗ್ಬಿಟ್ಟ, ಮೇಸ್ತ್ರಿ. ಎದೆ ನಿಂತುಹೋಯ್ತಂತೆ.”

ಮೇಸ್ತ್ರಿ ಇನ್ನೊಂದು ಚೆಂಬು ಸುರಿದ. ಅದು ಇಳಿಯುವ ತನಕ ನೋಡಿದ.

“ಏಣಿಯಿಂದ ಬಿದ್ದನಾ?”

“ಇಲ್ಲ. ಕೆಲಸ ಮುಗಿಸಿ ಇಳಿದಿದ್ದ. ನಲ್ಲಿ ಹತ್ರ ಬ್ರಷ್ ತೊಳೀತಿದ್ದ. ಹಾಗೇ ಕುಸಿದ.”

“ಗೋಡೆ ಮುಗಿದಿತ್ತಾ?”

ಬೀಗದವನು ಮುದುಕನ ಮುಖವನ್ನೇ ನೋಡಿದ. “ಮುಗಿದಿತ್ತು,” ಎಂದ.

“ಸರಿ,” ಎಂದು ಮೇಸ್ತ್ರಿ ಉಳಿದದ್ದನ್ನೂ ಸೋಸಿ, ಡ್ರಮ್ಮಿಗೆ ಮುಚ್ಚಳ ಹಾಕಿ, ಕೈ ತೊಳೆದುಕೊಂಡು ಎದ್ದ. ಅಳು ಬರಲಿಲ್ಲ. ಮಣ್ಣು ಮಾಡಿ ಬಂದ ಮೇಲೂ ಬರಲಿಲ್ಲ. ಸೊಸೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾಗ ಅವನು ಅವಳ ತಲೆಗೂ ಗೋಡೆಗೂ ನಡುವೆ ತನ್ನ ಅಂಗೈ ಇಟ್ಟುಕೊಂಡು ಕುಳಿತಿದ್ದ, ಅಷ್ಟೆ. ಅಂಗೈ ನೋಯುತ್ತಿದೆ ಎಂದು ಅವನಿಗೆ ಗೊತ್ತಾದದ್ದು ಮರುದಿನ.

ಅಪ್ಪ ಮಗ ಇಬ್ಬರಿಗೂ ಮಾತು ನಿಂತು ಆಗಲೇ ಹನ್ನೊಂದು ದಿನವಾಗಿತ್ತು.

ಜಗಳಕ್ಕೆ ಕಾರಣ ಬೀದಿ. ಹಳೆಯ ಊರಿನ ಆ ಬೀದಿ ಹಾಳುಬಿದ್ದಂತಾಗಿ ಬಹಳ ಕಾಲವಾಗಿತ್ತು. ನಗರಸಭೆಯವರು ಅದಕ್ಕೆ ಜೀವ ಕೊಡುತ್ತೇವೆಂದು ಹೊರಟು ಗಾಡಿಗಳ ಓಡಾಟ ನಿಲ್ಲಿಸಿದರು. ಚರಂಡಿ ಮುಚ್ಚಿಸಿ ಕಲ್ಲು ಹಾಸಿದರು, ಬೆಂಚು ಇಟ್ಟರು, ನೆರಳಿಗೆ ಗಿಡ ನೆಟ್ಟರು. ನಡೆದು ಬರುವವರು ನಿಂತು ನೋಡಲಿ ಎಂದು ಗೋಡೆಗಳ ಮೇಲೆ ಚಿತ್ರ ಬರೆಸಲು ಶುರುಮಾಡಿದರು. ಟೀ ಅಂಗಡಿಗೆ ವ್ಯಾಪಾರ ಹೆಚ್ಚಿತು. ಬೀಗದವನು ಮಾತ್ರ, “ಮೊದಲು ಗಾಡಿ ನಿಲ್ಲಿಸಿ ಬೀಗ ಕೊಳ್ತಿದ್ರು. ಈಗ ನಡ್ಕೊಂಡು ಬಂದು ಬೀಗದ ಜೊತೆ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ನಾನೂ ಹಲ್ಲು ಕಿರಿದು ನಿಲ್ತೀನಿ,” ಎನ್ನುತ್ತಿದ್ದ.

ಮೇಸ್ತ್ರಿಯ ಸುಣ್ಣದ ಮೂಟೆಗಳು ಮನೆ ಬಾಗಿಲಿಗೆ ಬರುವುದು ನಿಂತಿತು. ಬೀದಿಯ ತುದಿಯಲ್ಲಿ ಇಳಿಸಿ ಹೆಗಲ ಮೇಲೆ ಹೊತ್ತು ತರಬೇಕು. ಮಗ ಒಂದು ತಿಂಗಳು ಹೊತ್ತ. ಆಮೇಲೆ ಬೀದಿಯ ಕೆಲಸಕ್ಕೇ ಸೇರಿಕೊಂಡ. ಚಿತ್ರ ಬರೆಯುವವರಿಗೆ ಗೋಡೆ ಸಿದ್ಧಮಾಡಿ ಕೊಡುವ ಕೆಲಸ. ಸುಣ್ಣವಲ್ಲ, ಡಬ್ಬದಲ್ಲಿ ಬರುವ ಬಿಳಿ ಪ್ರೈಮರ್.

“ಡಬ್ಬ ಮುಚ್ಚಳ ತೆಗೆಯೋದಕ್ಕೆ ಮೇಸ್ತ್ರಿ ಯಾಕಪ್ಪ ಬೇಕು? ಯಾರಾದ್ರೂ ತೆಗೀತಾರೆ,” ಎಂದಿದ್ದ ಅಪ್ಪ ಊಟಕ್ಕೆ ಕುಳಿತಾಗ.

“ಸುಣ್ಣದ ಮೇಲೆ ಅವರ ಬಣ್ಣ ನಿಲ್ಲಲ್ಲ, ಅಪ್ಪ.”

“ಅವರ ಬಣ್ಣ ನಿಲ್ಲದಿದ್ರೆ ಅದು ಅವರ ಬಣ್ಣದ ತಪ್ಪು. ನನ್ನ ಮಗ ಇನ್ನೊಬ್ಬರ ಚಿತ್ರಕ್ಕೆ ಚಾಪೆ ಹಾಸೋನಾಗಿಬಿಟ್ಟ.”

ಮಗ ತಟ್ಟೆ ಬಿಟ್ಟು ಎದ್ದುಹೋದ. ಮಾತು ಅಲ್ಲಿಗೆ ನಿಂತಿತು. ನಾಳೆ ಆಡಿದರಾಯಿತು ಎಂದು ಇಬ್ಬರೂ ಹನ್ನೊಂದು ದಿನ ಕಳೆದರು. ಹನ್ನೆರಡನೆಯ ದಿನವನ್ನು ದೇವರು ಕೊಡಲಿಲ್ಲ.

ಸೊಸೆ ಏಳನೆಯ ದಿನ ಕೆಲಸಕ್ಕೆ ಹೋದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಅವಳ ಕೆಲಸ. ಬೆಳಗಿನ ಪಾಳಿಗೆ ಹೋಗುವ ಮೊದಲು ಅನ್ನ, ಬೇಯಿಸಿದ ಆಲೂಗೆಡ್ಡೆ ಮುಚ್ಚಿಟ್ಟು, “ಮಾವ, ಬಿಸಿ ಮಾಡ್ಕೊಂಡು ತಿನ್ನಿ,” ಎಂದು ಹೇಳಿ ಹೋಗುತ್ತಿದ್ದಳು. ಅವನು ಬಿಸಿ ಮಾಡಿಕೊಳ್ಳುತ್ತಿರಲಿಲ್ಲ. ತಣ್ಣಗೆ ತಿಂದು ತಟ್ಟೆ ತೊಳೆದಿಟ್ಟು ಬೀದಿಗೆ ಹೋಗುತ್ತಿದ್ದ.

ಬೀದಿ ಮುಗಿಯುವ ಮೂಲೆಯಲ್ಲಿ ಹಳೆಯ ಗೋದಾಮಿನ ಗೋಡೆ. ಎರಡು ಅಂತಸ್ತಿನ ಎತ್ತರ, ಕಿಟಕಿಯಿಲ್ಲ. ಮಗ ಕೊನೆಗೆ ಬಳಿದದ್ದು ಅದನ್ನು. ಎದುರಿಗೆ ಹೊಸ ಬೆಂಚು. ಮೇಸ್ತ್ರಿ ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಅಲ್ಲಿ ಕೂರುತ್ತಿದ್ದ. ಗೋಡೆಯಲ್ಲಿ ಬ್ರಷ್ಷಿನ ಗೆರೆ, ಬಿಟ್ಟುಹೋದ ಜಾಗ ಏನಿದ್ದರೂ ಆ ಬಿಸಿಲಿಗೆ ಕಾಣಬೇಕು. ಅವನು ಹುಡುಕುತ್ತಿದ್ದನೋ ಸುಮ್ಮನೆ ನೋಡುತ್ತಿದ್ದನೋ ಅವನಿಗೇ ತಿಳಿಯದು. ಬಿಸಿಲು ಏರಿ ಗೋಡೆ ಕಣ್ಣಿಗೆ ಚುಚ್ಚತೊಡಗಿದಾಗ ಎದ್ದು ಮನೆಗೆ ಬರುತ್ತಿದ್ದ. ಬೆಂಚಿನ ಮೇಲೆ ಪಕ್ಕದಲ್ಲಿ ಯಾರಾದರೂ ಬಂದು ಕುಳಿತರೆ ಜರುಗಿ ಜಾಗ ಕೊಡುತ್ತಿದ್ದ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಬೀದಿಯ ಕೆಲಸದ ಮುಖ್ಯಸ್ಥೆ ಮನೆಗೆ ಬಂದಳು. ಯಾವಾಗಲೂ ಕಂಕುಳಲ್ಲಿ ಸುತ್ತಿದ ನಕ್ಷೆ ಇರುತ್ತಿದ್ದುದರಿಂದ ಬೀದಿಯವರಿಗೆ ಅವಳು ನಕ್ಷೆಯಮ್ಮ. ಟೀ ಕುಡಿದು, ಸೊಸೆಯ ಕೈ ಹಿಡಿದು ನಾಲ್ಕು ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು. ಮೂಲೆ ಗೋಡೆಗೆ ಬರಬೇಕಾಗಿದ್ದ ಚಿತ್ರಗಾರ ಬರುವುದಿಲ್ಲವಂತೆ. ಆ ಗೋಡೆಯನ್ನು ಈ ಮನೆಯ ಹುಡುಗಿಗೆ ಕೊಡಬೇಕೆಂದಿದ್ದಾರಂತೆ.

ಹುಡುಗಿ ಎಂದರೆ ಮೊಮ್ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದು ಊರೇ ಕೇಳುವಂತೆ ಕಿರುಚಿದ್ದಕ್ಕೆ ಅಪ್ಪ ಇಟ್ಟ ಹೆಸರು ಮೆಣಸು. ಇಪ್ಪತ್ತೆರಡಾದರೂ ಅದೇ ಹೆಸರು. ಸಂಜೆಯ ಶಾಲೆಯಲ್ಲಿ ಚಿತ್ರ ಕಲಿತು, ಬೀದಿಯ ಚಿತ್ರಗಾರರ ಬಳಿ ಬಣ್ಣ ಕಲಸುವ ಕೆಲಸಕ್ಕಿದ್ದಳು.

“ಇದು ಚೆನ್ನಾಗಿ ಬಂದ್ರೆ ಮುಂದಿನ ಬೀದಿಗೂ ಇವಳನ್ನೇ ತಗೋತೀವಿ,” ಎಂದಳು ನಕ್ಷೆಯಮ್ಮ. “ಬಣ್ಣ ಕಲಸೋಕಲ್ಲ, ಬರೆಯೋಕೆ. ಮುಂದಿನ ತಿಂಗಳು ಬೀದಿ ಉದ್ಘಾಟನೆ. ಅಷ್ಟರಲ್ಲಿ ಆಗಬೇಕು.”

ಅವಳು ಹೋದ ಮೇಲೆ ಊಟಕ್ಕೆ ಕುಳಿತರು. ಮೇಸ್ತ್ರಿ ಬ್ರೆಡ್ಡು ಮುರಿದು, ತಿನ್ನದೆ, ತಟ್ಟೆಯ ಅಂಚಿನಲ್ಲಿಟ್ಟ.

“ಆ ಗೋಡೆ ಮುಗಿದಿದೆ,” ಎಂದ.

“ಎಲ್ಲಿ ಮುಗಿದಿದೆ ತಾತ? ಅದು ಬರೆಯೋಕೆ ಅಂತ ಬಳಿದಿರೋದು.”

“ನಿಮ್ಮಪ್ಪ ಮುಗಿಸಿ, ಇಳಿದು, ಬ್ರಷ್ ತೊಳೆದ. ಮುಗಿಯದೆ ಯಾವ ಮೇಸ್ತ್ರೀನೂ ಬ್ರಷ್ ತೊಳೆಯಲ್ಲ.”

“ಅಪ್ಪ ಅದನ್ನ ಚಿತ್ರಕ್ಕೇ ಬಳಿದಿದ್ದು.”

“ಬೇರೆ ಗೋಡೆ ಇಲ್ವಾ ಊರಲ್ಲಿ?”

“ನನಗೆ ಕೊಟ್ಟಿರೋದು ಅದು.”

“ನಿನಗೆ ಕೊಡೋಕೆ ಅದು ಅವರದ್ದಲ್ಲ.”

ಸೊಸೆ ನೀರಿನ ಲೋಟವನ್ನು ಕುಕ್ಕಿದಳು. “ಗೋಡೆ ಗೋದಾಮಿನವರದ್ದು, ಮಾವ. ನಿಮ್ಮದೂ ಅಲ್ಲ, ಇವಳದ್ದೂ ಅಲ್ಲ. ನಾನು ಎಷ್ಟು ದಿನ ಅಂತ ಆಸ್ಪತ್ರೆ ಹಾಸಿಗೆ ಬಟ್ಟೆ ಒಗೀಲಿ? ಇವಳಿಗೊಂದು ದಾರಿ ಕಾಣ್ತಿದೆ. ಕಣ್ಣಿಗೆ ಕಾಣೋ ದಾರಿಗೆ ಅಡ್ಡ ಮಲಗ್ಬೇಡಿ.”

“ನಾನು ಯಾರಿಗೂ ಅಡ್ಡ ಇಲ್ಲ.”

“ಹಾಗಾದ್ರೆ ಊಟ ಮಾಡಿ.”

ಅವನು ಊಟ ಮಾಡಲಿಲ್ಲ. ಮೆಣಸು ಅವನ ತಟ್ಟೆಯ ಬ್ರೆಡ್ಡನ್ನು ತಾನೇ ಎತ್ತಿ ತಿಂದು, “ಹಸಿವಿಲ್ಲದೋರಿಗೆ ಯಾಕೆ ವೇಸ್ಟು?” ಎಂದಳು. ಅವಳ ಕಣ್ಣು ತುಂಬಿದ್ದವು. ಮರುದಿನದಿಂದ ತಾತ ಮೊಮ್ಮಗಳಿಗೂ ಮಾತಿಲ್ಲ. ಆ ಮನೆಯಲ್ಲಿ ಮಾತು ಬಿಡುವುದು ಬಾಗಿಲ ಚಿಲಕ ಹಾಕಿದಷ್ಟು ಸುಲಭವಾಗಿತ್ತು.

ಆ ವಾರ ಊರಾಚೆಯ ಅನಾಥಾಲಯದವರು ಸುಣ್ಣ ಹೊಡೆಸಲು ಮೇಸ್ತ್ರಿಯನ್ನು ಕರೆದರು. ನಾಲ್ಕು ದಿನ ಅಲ್ಲೇ ಉಳಿದು ಕೆಲಸ ಮುಗಿಸಿದ. ಮೊದಲ ಕೋಟು ಮೇಲಿಂದ ಕೆಳಕ್ಕೆ, ಎರಡನೆಯದು ಅಡ್ಡಕ್ಕೆ, ಮೂರನೆಯದು ಮತ್ತೆ ಕೆಳಕ್ಕೆ. ಹಸಿಯಿದ್ದಾಗ ಬೂದಿಯಂತೆ ಕಾಣುವ ಸುಣ್ಣ ಒಣಗುತ್ತ ಒಣಗುತ್ತ ಬೆಳ್ಳಗಾಗುವುದನ್ನು ಮಕ್ಕಳು ಸುತ್ತ ನಿಂತು ನೋಡಿದವು. “ಅಜ್ಜ, ಇದು ಮ್ಯಾಜಿಕ್ಕಾ?” ಎಂದು ಒಂದು ಕೇಳಿತು. ಅಲ್ಲ ಎಂದು ತಲೆಯಾಡಿಸಿದ.

ಮರಳಿ ಬಂದದ್ದು ವಾರದ ರಜೆಯ ದಿನ ಬೆಳಿಗ್ಗೆ. ಅಂಗಡಿಗಳು ತೆರೆದಿರಲಿಲ್ಲ, ಬೀದಿ ಖಾಲಿ. ಮೂಲೆಗೆ ಬಂದವನು ಹೆಗಲ ಚೀಲವನ್ನು ಕೆಳಗೆ ಹಾಕಿದ.

ಗೋಡೆಯ ತುಂಬ ಗೀಚಿದ್ದರು. ಮೇಲಿಂದ ಕೆಳಗಿನವರೆಗೆ ಅಡ್ಡಾದಿಡ್ಡಿ ಗೆರೆ, ಸೊನ್ನೆ, ಬಾಣ, ಅರ್ಧ ಬರೆದು ಬಿಟ್ಟ ಅಕ್ಷರ, ಮೀನಿನ ಬಾಲ, ಕೋಳಿ ಕಾಲು, ಅಂಕಿ. ಕೆಂಪು, ನೀಲಿ, ಕಪ್ಪು. ಅದರಲ್ಲಿ ಒಂದು ಮೂಗಿಲ್ಲ, ಒಂದು ಕಣ್ಣಿಲ್ಲ. ಮೊಮ್ಮಗಳು ಚಿತ್ರ ಬರೆದರೆ ಮೊದಲು ಪೆನ್ಸಿಲಿನಲ್ಲಿ ನಯವಾಗಿ ಆಕಾರ ತೆಗೆಯುತ್ತಾಳೆಂದು ಅವನಿಗೆ ಗೊತ್ತು; ಮನೆಯಲ್ಲಿ ನೂರು ಸಲ ನೋಡಿದ್ದ. ಇದು ಚಿತ್ರವಲ್ಲ. ಇದು ಪುಂಡರ ಕೆಲಸ.

ಸಿಟ್ಟು ಕೂಡ ಬರಲಿಲ್ಲ. ಮನೆಗೆ ಹೋದ. ಸೊಸೆ ಪಾಳಿಗೆ ಹೋಗಿದ್ದಳು. ಮೊಮ್ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಮಾತು ಬಿಟ್ಟಿದ್ದರಿಂದ ಎಬ್ಬಿಸಲಿಲ್ಲ. ಡ್ರಮ್ಮಿನ ಸುಣ್ಣವನ್ನು ಎರಡು ಬಕೆಟ್ಟಿಗೆ ತುಂಬಿಕೊಂಡ. ಡಬ್ಬದ ಬಣ್ಣದ ಮೇಲೆ ಸುಣ್ಣ ಸುಲಭಕ್ಕೆ ಹಿಡಿಯುವುದಿಲ್ಲವೆಂದು ಅಂಟನ್ನು ಕೊಂಚ ಹೆಚ್ಚಾಗಿಯೇ ಕಲಸಿದ. ಮಗನ ಕೆಲಸಕ್ಕೆ ಗೋಡೆಗೆ ಕಟ್ಟಿದ್ದ ಅಟ್ಟಣೆ ಹಾಗೇ ಇತ್ತು. ಎಪ್ಪತ್ತೊಂದು ವರ್ಷದವನು ಎರಡು ಅಂತಸ್ತು ಹತ್ತಿ, ಮೇಲಿನಿಂದ ಶುರುಮಾಡಿದ. ಕಲೆಯಾದ ಗೋಡೆ ಕಂಡರೆ ಬಕೆಟ್ಟು ತರುವುದು ಆ ಮನೆಯವರಿಗೆ ಮೂರು ತಲೆಮಾರಿನ ಅಭ್ಯಾಸ. ಯಾರು, ಯಾಕೆ ಎಂದು ಕೇಳುವ ಅಭ್ಯಾಸ ಇರಲಿಲ್ಲ.

ಹನ್ನೊಂದರ ಹೊತ್ತಿಗೆ ಕೊನೆಯ ಮೊಳ ಬಳಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ತಾತ, ಏನ್ ಮಾಡಿದ್ರಿ?”

ತಿರುಗಿ ನೋಡಿದರೆ ಮೆಣಸು ಕೈಯಲ್ಲಿ ಫೋನು ಹಿಡಿದು ನಿಂತಿದ್ದಾಳೆ. ವಾರದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು.

“ಯಾರೋ ಗೀಚಿ ಹಾಳುಮಾಡಿದ್ರು,” ಎಂದ. “ಸರಿ ಮಾಡಿದೆ.”

“ನಾನು ಗೀಚಿದ್ದು! ಎರಡು ದಿನ ಅಟ್ಟಣೆ ಮೇಲೆ ಬಿಸಿಲಲ್ಲಿ ಸತ್ತು ಗೀಚಿದ್ದು!”

“ಅದು ಚಿತ್ರ ಅಲ್ಲ.”

“ಗುರುತು ತಾತ, ಗುರುತು! ಇಷ್ಟು ದೊಡ್ಡ ಗೋಡೇಲಿ ಕೈ ಎಲ್ಲಿ ಬರುತ್ತೆ, ಕಾಲು ಎಲ್ಲಿ ಬರುತ್ತೆ ಹೇಗೆ ಗೊತ್ತಾಗುತ್ತೆ? ಗೀಚಿ, ಫೋಟೋ ತೆಗೆದು, ಫೋನಲ್ಲಿ ಅದರ ಮೇಲೆ ಚಿತ್ರ ಇಟ್ಟು ನೋಡ್ತೀವಿ. ಕೋಳಿ ಕಾಲಿನ ಹತ್ರ ಮೊಣಕೈ, ಮೀನಿನ ಬಾಲದ ಹತ್ರ ಕಿವಿ, ಹಾಗೆ. ಇವತ್ತು ಬೆಳಕು ನೋಡ್ಕೊಂಡು ಫೋಟೋ ತೆಗೀಬೇಕಿತ್ತು.” ಅವಳು ಗೋಡೆಯನ್ನು ಮುಟ್ಟಿದಳು. ಬೆರಳಿಗೆ ಅಂಟಿದ್ದನ್ನು ನೋಡಿದಳು. “ಸುಣ್ಣನಾ? ಸುಣ್ಣ ಹೊಡೆದ್ರಾ? ಇದರ ಮೇಲೆ ಬಣ್ಣ ನಿಲ್ಲಲ್ಲ ತಾತ. ಉದ್ಘಾಟನೆಗೆ ಹತ್ತು ದಿನ ಇದೆ. ಬರೀ ಹತ್ತು ದಿನ.”

ಅವಳು ಅಲ್ಲೇ ಕಲ್ಲಿನ ಮೇಲೆ ಕುಕ್ಕರಿಸಿ ಮುಖ ಮುಚ್ಚಿಕೊಂಡಳು. ನಡೆದು ಹೋಗುತ್ತಿದ್ದವರು ನಿಂತರು. ರಜೆ ದಿನದ ಅರ್ಧ ಪಾಳಿ ಮುಗಿಸಿ ಬರುತ್ತಿದ್ದ ಸೊಸೆ ಗುಂಪು ಕಂಡು ಓಡಿಬಂದಳು. ಮಗಳನ್ನು ನೋಡಿದಳು, ಗೋಡೆ ನೋಡಿದಳು, ಬಕೆಟ್ಟು ನೋಡಿದಳು. ಯಾರೂ ವಿವರಿಸಬೇಕಾಗಲಿಲ್ಲ.

“ನನ್ನ ಮಗಳ ಕೆಲಸ ಹೋಯ್ತಲ್ಲ, ತೃಪ್ತಿ ಆಯ್ತಾ ಮಾವ?”

“ನನಗೆ ಗೊತ್ತಿರಲಿಲ್ಲಮ್ಮ. ಅವನ ಗೋಡೆ ಅಂತ...”

“ಅವರ ಗೋಡೆ ಎಲ್ಲಿದೆ ಈಗ?” ಅವಳ ದನಿ ಏರಲಿಲ್ಲ, ಅದೇ ಕೇಳಲು ಕಷ್ಟವಾದದ್ದು. “ಅವರ ಗೋಡೆ ನಿಮ್ಮ ಸುಣ್ಣದ ಕೆಳಗಿದೆ. ಅವರು ಬದುಕಿದ್ದಾಗಲೂ ಹೀಗೇ. ಅವರು ಏನು ಮಾಡಿದ್ರೂ ನಿಮ್ಮದೊಂದು ಕೋಟು ಮೇಲೆ ಬೀಳ್ಲೇಬೇಕಿತ್ತು.”

ಮೇಸ್ತ್ರಿ ಗೋಡೆಯತ್ತ ತಿರುಗಿದ. ಸುಣ್ಣ ಮೇಲಿನಿಂದ ಒಣಗುತ್ತ ಬೆಳ್ಳಗಾಗುತ್ತಿತ್ತು. ಮೂರು ವಾರ ದಿನಾ ಬೆಳಿಗ್ಗೆ ಬಂದು ನೋಡಿದ್ದ ಗೋಡೆ ಎಲ್ಲಿಯೂ ಇರಲಿಲ್ಲ. ಅವನು ಬ್ರಷ್ ತೊಳೆಯದೆ ಬಕೆಟ್ಟಿನಲ್ಲೇ ಬಿಟ್ಟು ಮನೆಗೆ ನಡೆದ.

ಸಂಜೆ ನಕ್ಷೆಯಮ್ಮ ಬಂದಳು. ಬೈಯಲಿಲ್ಲ. ಅವಳು ಒಳ್ಳೆಯ ಹೆಂಗಸು.

“ನಿಮ್ಮ ಮನಸ್ಸು ನನಗೆ ಅರ್ಥ ಆಗುತ್ತೆ ಮೇಸ್ತ್ರಿ,” ಎಂದಳು. “ಹಿರಿಯರನ್ನ ನೋಯಿಸಿ ಚಿತ್ರ ಬರೆಸಿದ್ರೆ ಬೀದಿಗೂ ಒಳ್ಳೇದಲ್ಲ. ಹಾಗೇ ಬಿಳಿಯಾಗಿ ಬಿಟ್ಟುಬಿಡೋಣ. ಕೆಳಗೊಂದು ಕಲ್ಲಿನ ಮೇಲೆ ನಿಮ್ಮ ಮಗನ ಹೆಸರು ಹಾಕಿಸ್ತೀನಿ. ಇವಳಿಗೆ ಮುಂದೆ ಯಾವಾಗಲಾದ್ರೂ ನೋಡೋಣ.”

ಮೆಣಸು ಒಳಕೋಣೆಯಿಂದ ಹೊರಗೆ ಬರಲಿಲ್ಲ. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವನು ಕೇಳಿದ್ದು ಸಿಕ್ಕಿತ್ತು. ಗೋಡೆ ಬಿಳಿಯಾಗಿ ಉಳಿಯುತ್ತದೆ, ಕೆಳಗೆ ಹೆಸರೂ ಬರುತ್ತದೆ. ಮಗನ ಹೆಸರಿನ ಮೇಲೆ ಅಪ್ಪನ ಸುಣ್ಣ.

“ನಾಳೆ ಹೇಳ್ತೀನಮ್ಮ,” ಎಂದ.

ಆ ದಿನ ಮೂವರೂ ಊಟ ಮಾಡಿದರು. ಬೇಯಿಸಿದ ಮೊಟ್ಟೆ, ಅನ್ನ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸೊಸೆ ಎಲ್ಲರಿಗೂ ಸಮನಾಗಿ ಬಡಿಸಿದಳು.

ಮರುದಿನ ಬೆಳಕಾಗುತ್ತಲೇ ಮೇಸ್ತ್ರಿ ಬೀಗದವನ ಅಂಗಡಿಯ ನಲ್ಲಿಗೆ ಪೈಪು ಹಾಕಿ, ತೆಂಗಿನ ನಾರಿನ ಗಟ್ಟಿ ಬ್ರಷ್ ಹಿಡಿದು ಅಟ್ಟಣೆ ಹತ್ತಿದ.

“ನಿನ್ನೆ ಹೊಡೆದದ್ದು ಇವತ್ತು ತೊಳೀತೀರಾ?” ಎಂದ ಬೀಗದವನು ಕೆಳಗಿನಿಂದ. “ನಾನು ಹೀಗೆ ನಿನ್ನೆ ಹಾಕಿದ ಬೀಗ ಇವತ್ತು ಒಡೆದ್ರೆ ಪೊಲೀಸ್ ಬರ್ತಾರೆ.”

“ನೀರು ಬಿಡು ಕಣಯ್ಯಾ.”

ಅಂಟು ಹೆಚ್ಚು ಹಾಕಿದ್ದರಿಂದ ಸುಣ್ಣ ಸುಲಭಕ್ಕೆ ಬಿಡಲಿಲ್ಲ. ನೆನೆಸಿ, ಕಾದು, ತಿಕ್ಕಬೇಕಾಯಿತು. ಹಾಲಿನಂಥ ನೀರು ಗೋಡೆಯುದ್ದಕ್ಕೂ ಇಳಿದು ಹೊಸ ಕಲ್ಲಿನ ಮೇಲೆ ಹರಿಯಿತು. ಒಂಬತ್ತರ ಹೊತ್ತಿಗೆ ಕೆಳಗೆ ಇನ್ನೊಂದು ಬ್ರಷ್ಷಿನ ಸದ್ದು ಕೇಳಿತು. ಬಗ್ಗಿ ನೋಡಿದ. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗಿನ ಭಾಗ ತಿಕ್ಕುತ್ತಿದ್ದಳು.

“ಪಾಳಿಗೆ ಹೋಗಲಿಲ್ವಾ?”

“ರಜೆ ಹಾಕಿದೆ. ನೀವು ಮೇಲೆ ನೋಡ್ಕೊಳ್ಳಿ, ಬೀಳ್ತೀರಿ.”

ಮೊದಲು ಕಂಡದ್ದು ಮೀನಿನ ಬಾಲ. ಆಮೇಲೆ ಒಂದು ಬಾಣ, ಅರ್ಧ ಅಕ್ಷರ. ಬಣ್ಣದ ಗುರುತುಗಳು ಒಂದೂ ಅಳಿಸಿರಲಿಲ್ಲ. ಅವುಗಳ ನಡುವೆ ಮಗನ ಬಿಳಿ, ನೀರು ಕುಡಿಯದೆ, ಎಲ್ಲಿಯೂ ಏಳದೆ, ಹಾಗೇ ಇತ್ತು. ಮೇಸ್ತ್ರಿ ಮುಖವನ್ನು ಗೋಡೆಗೆ ತಾಗಿಸಿ ಓರೆಯಾಗಿ ನೋಡಿದ. ಬೆಂಚಿನಿಂದ ಕಾಣದ್ದು ಇಲ್ಲಿ ಕಾಣುತ್ತಿತ್ತು. ಸೂರಿನ ಅಡಿಯಲ್ಲಿ, ಯಾರೂ ತಲೆಯೆತ್ತಿ ನೋಡದ ಸಂದಿಯಲ್ಲಿ ಕೂಡ ಬಿರುಕನ್ನು ಕೆದಕಿ, ತುಂಬಿ, ಉಜ್ಜಿ, ಆಮೇಲೆ ಬಳಿದಿದ್ದ. ಒಂದೂ ಬ್ರಷ್ಷಿನ ಗೆರೆಯಿರಲಿಲ್ಲ. ತಾನು ಅಷ್ಟು ಮಾಡುತ್ತಿರಲಿಲ್ಲ. ಸೂರಿನ ಅಡಿ ಒಂದು ಕೋಟು ಎಳೆದು ಇಳಿದುಬಿಡುತ್ತಿದ್ದ.

ಮಧ್ಯಾಹ್ನ ಕೆಳಗಿಳಿದ. ಸೊಸೆ ನೀರು ಕೊಟ್ಟಳು.

“ಚೆನ್ನಾಗಿ ಬಳಿದಿದ್ದಾನೆ,” ಎಂದ. “ನನಗಿಂತ ಚೆನ್ನಾಗಿ.”

ಅವಳು ಲೋಟ ವಾಪಸು ತೆಗೆದುಕೊಂಡಳು. “ನನ್ನ ಹತ್ರ ಹೇಳಿ ಏನು ಬಂತು ಮಾವ? ಅವರಿಗೆ ಹೇಳ್ಬೇಕಿತ್ತು.”

“ಹೌದು,” ಎಂದ.

ಬೆಂಚಿನ ಮೇಲೆ ಯಾವಾಗ ಬಂದು ಕುಳಿತಿದ್ದಳೋ, ಮೆಣಸು ಎದ್ದು ಗೋಡೆಯ ಬಳಿ ಹೋದಳು. ಒಂದೊಂದೇ ಗುರುತನ್ನು ನೋಡಿದಳು. ಗೋಡೆ ಒಣಗುವ ತನಕ ಕಾದು ಫೋಟೋ ತೆಗೆದಳು.

“ಬರೆಯೋಕೆ ಆಗುತ್ತಾ?” ಎಂದು ಕೇಳಿದ ತಾತ.

“ಆಗುತ್ತೆ.”

“ಆ ನಕ್ಷೆಯಮ್ಮನಿಗೆ ಹೇಳು. ಬಿಳಿ ಬಿಡೋದು ಬೇಡ. ಕಲ್ಲೂ ಬೇಡ.”

ಎಂಟು ದಿನ ಬರೆದಳು. ಊಟ ಅಲ್ಲಿಗೇ ಹೋಗುತ್ತಿತ್ತು. ಡಬ್ಬಿ ಒಯ್ಯುವುದು ತಾತನ ಕೆಲಸ. “ಉಪ್ಪಿಲ್ಲ,” ಎಂದು ಅವಳು ಮೇಲಿನಿಂದ ಕೂಗಿದರೆ, “ನಿಮ್ಮಮ್ಮನಿಗೆ ಹೇಳು, ನಾನು ಬರೀ ಹಮಾಲಿ,” ಎನ್ನುತ್ತಿದ್ದ. ಗೋಡೆಯ ಮೇಲೆ ಬೀದಿಯಲ್ಲಿ ನಡೆಯುವ ಜನ ಮೂಡತೊಡಗಿದರು. ಚೀಲ ಹಿಡಿದ ಹೆಂಗಸು, ಚಪ್ಪಲಿ ಸರಿಮಾಡಿಕೊಳ್ಳುವ ಮುದುಕಿ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಗಂಡಸು.

“ಅದು ನಿಮ್ಮಪ್ಪನಾ?” ಎಂದು ಬೀಗದವನು ಕೇಳಿದ.

“ಅಲ್ಲ ಮಾಮ. ಯಾರೋ ಒಬ್ರು.”

ಮೇಸ್ತ್ರಿ ಬೆಂಚಿನಿಂದ ನೋಡುತ್ತಿದ್ದ. ದಿನದಿಂದ ದಿನಕ್ಕೆ ಬಣ್ಣ ಹರಡಿ ಬಿಳಿ ಕಡಿಮೆಯಾಗುತ್ತಿತ್ತು. ನೋವಾಗುತ್ತದೆಂದು ಕಾದಿದ್ದ, ಆಗಲಿಲ್ಲ. ಕಾಲು ಜೋಮು ಹಿಡಿದಾಗ ನೆಲ ಮುಟ್ಟಿದ್ದು ತಿಳಿಯದಂತೆ ಅವನೊಳಗೆ ಎಲ್ಲವೂ ಹಾಗೇ ಇತ್ತು.

ಉದ್ಘಾಟನೆಯ ಹಿಂದಿನ ದಿನ ಕೆಳಗಿನ ಮೂಲೆಯಲ್ಲಿ ಎರಡು ಅಂಗೈಯಷ್ಟು ಬಿಳಿ ಉಳಿದಿತ್ತು. ಮೆಣಸು ಬ್ರಷ್ಷನ್ನು ಬಣ್ಣಕ್ಕೆ ಅದ್ದಿ, ಅಲ್ಲೇ ನಿಂತು ತಾತನನ್ನು ನೋಡಿದಳು. ಅವನು ಬೆಂಚಿನಿಂದ ಎದ್ದು ಬಂದು ಆ ಬಿಳಿಯ ಮೇಲೆ ಅಂಗೈ ಇಟ್ಟ. ಬಿಸಿಲಿಗೆ ಬೆಚ್ಚಗಿತ್ತು. ಬೀದಿಯಲ್ಲಿ ಜನ ಮಾತಾಡುತ್ತ ನಡೆದು ಹೋಗುತ್ತಿದ್ದರು. ಅವನು ಕಣ್ಣು ಮುಚ್ಚಿದ.

“ದೇವರೇ, ನನ್ನ ಮಗ ನಿನ್ನ ಹತ್ತಿರ ಇದ್ದಾನೆ. ಕೆಲಸ ಮುಗಿಸಿ ಬಂದಿದ್ದಾನೆ, ಸುಸ್ತಾಗಿರುತ್ತೆ. ನೆರಳಲ್ಲಿ ಕೂರಿಸು. ಗೋಡೆ ಚೆನ್ನಾಗಿತ್ತು ಅಂತ ನಾನು ಹೇಳಲಿಲ್ಲ, ನೀನಾದರೂ ಹೇಳು. ಅಪ್ಪ ನೋಡಿದ ಅಂತ ಹೇಳು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.”

ಕೈ ತೆಗೆದು ಪಕ್ಕಕ್ಕೆ ಸರಿದು, “ಬಳಿಯಮ್ಮ,” ಎಂದ.